ಎಲ್‌ಚಾಡ್ ಮಗುವಿನ ಎಣ್ಣೆ ಲೆಕ್ಕ: ನನ್ನ ಅನುಭವ

ಅಡುಗೆ ಎಣ್ಣೆಗಳಲ್ಲಿರುವ ಉದ್ದ ಸರಪಳಿಯ ಕೊಬ್ಬನ್ನು ಒಡೆಯುವ ಎಲ್‌ಚಾಡ್ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗೆ ಅದೇ ಕೊಬ್ಬಿರುವ ಎಣ್ಣೆಯನ್ನೇ ಅಳೆದು ಕೊಡುತ್ತೇನೆಂದಾಗ ಜೊತೆಯ ಆಹಾರತಜ್ಞರು ಒಪ್ಪಲಿಲ್ಲ; ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದೀರಿ ಎಂದು ಒಬ್ಬರು ಮುಖಕ್ಕೇ ಹೇಳಿದರು. ಉದ್ದ ಸರಪಳಿಯ ಕೊಬ್ಬನ್ನು ಒಟ್ಟು ಶಕ್ತಿಯ ಶೇ. 10ರ ಆಸುಪಾಸಿನಲ್ಲಿ ಹಿಡಿದಿಟ್ಟು, ಉಳಿದ ಕೊರತೆಯನ್ನು ಎಂಸಿಟಿಯಿಂದ, ಅಂದರೆ ಆ ಕಿಣ್ವವಿಲ್ಲದೆಯೂ ಒಡೆಯುವ ಮಧ್ಯಮ ಸರಪಳಿಯ ಕೊಬ್ಬಿನಿಂದ ತುಂಬುವುದು ನಮ್ಮೆಲ್ಲರಿಗೂ ರೂಢಿಯಾದ ದಾರಿ. ಆದರೆ ಆ ಶೇ. 10ರೊಳಗೆ ಯಾವ ಎಣ್ಣೆ ಎಷ್ಟಿರಬೇಕೆಂದು ಯಾರೂ ಲೆಕ್ಕ ಹಾಕುತ್ತಿರಲಿಲ್ಲ, ಮೊದಲ ಎರಡು ವರ್ಷ ನಾನೂ ಹಾಕಿರಲಿಲ್ಲ.

ಕಣ್ಣು ತೆರೆಸಿದ್ದು ಐದು ವರ್ಷದ, ಸುಮಾರು 18 ಕಿಲೋ ತೂಕದ ಒಂದು ಹುಡುಗಿ. ಸ್ನಾಯು ಹಾನಿಯನ್ನು ತೋರಿಸುವ ರಕ್ತದ ಸಿಕೆ ಇಳಿದಿತ್ತು, ಅರೆಬರೆ ಒಡೆದ ಕೊಬ್ಬನ್ನು ಅಳೆಯುವ ಆಸಿಲ್‌ಕಾರ್ನಿಟಿನ್ ವರದಿಯೂ ಸಮಾಧಾನಕರವಾಗಿತ್ತು. ನಾನು ಬೀಗುತ್ತಿದ್ದಾಗಲೇ ತಾಯಿ ಮಗುವಿನ ಕಾಲುಚೀಲ ಕಳಚಿ, ಒಳಮಗ್ಗುಲನ್ನು ಹೊರಳಿಸಿ ಮೇಜಿನ ಮೇಲೆ ಕೊಡವಿದರು. ಹೊಟ್ಟಿನಂತೆ ಬಿಳಿ ಚರ್ಮದ ಪುಡಿ ಉದುರಿತು. ದೇಹ ತಾನೇ ತಯಾರಿಸಿಕೊಳ್ಳಲಾರದ, ಎಣ್ಣೆಯಿಂದಲೇ ಸಿಗಬೇಕಾದ ಲಿನೋಲೀಕ್, ಆಲ್ಫಾ ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲಗಳು ಸಾಲದಾಗಿದ್ದವು.

ಅವಸರದಲ್ಲಿ ದಿನಕ್ಕೆ ಒಂದು ಚಮಚ ಅಗಸೆ ಎಣ್ಣೆ ಬರೆದುಕೊಟ್ಟೆ. ಮೂರು ತಿಂಗಳ ಬಳಿಕ ಆಲ್ಫಾ ಲಿನೋಲೆನಿಕ್ ಏರಿತ್ತು, ಲಿನೋಲೀಕ್ ಮಾತ್ರ ತಳದಲ್ಲೇ ಇತ್ತು, ಲಿನೋಲೀಕ್‌ನಿಂದ ದೇಹ ತಯಾರಿಸುವ ಅರಾಕಿಡೋನಿಕ್ ಇನ್ನಷ್ಟು ಕುಸಿದಿತ್ತು. ಅಗಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಇದ್ದರೆ ಲಿನೋಲೀಕ್ ಶೇ. 15ರಷ್ಟು ಮಾತ್ರ, ಎರಡೂ ಒಂದೇ ಡೆಲ್ಟಾ-6 ಡಿಸ್ಯಾಚುರೇಸ್ ಕಿಣ್ವಕ್ಕಾಗಿ ಪೈಪೋಟಿ ನಡೆಸುತ್ತವೆ ಎಂಬುದು ಪಾಠದಲ್ಲಿ ಓದಿದ್ದರೂ ಕೈಬರಹಕ್ಕೆ ಇಳಿದಿರಲಿಲ್ಲ. ಮೊದಲು ಲಿನೋಲೀಕ್ ತುಂಬಬೇಕಿತ್ತು.

ಈ ತಪ್ಪಿನ ಬೆಲೆ ತೆತ್ತದ್ದು ಆ ಮನೆಯವರು. ಕೊಬ್ಬಿನಾಮ್ಲದ ಪರೀಕ್ಷೆಯನ್ನು ಅವರು ಕೈಯಿಂದಲೇ ಹಣ ಕೊಟ್ಟು ಮತ್ತೆ ಮಾಡಿಸಿದರು. ದೊಡ್ಡ ಬಾಟಲಿ ಅಗ್ಗವಾಗುತ್ತದೆಂದು ನಾನೇ ಹೇಳಿದ್ದೆ. ಅದು ಅರ್ಧ ಮುಗಿಯುವಷ್ಟರಲ್ಲಿ ಕಮಟು ಹಿಡಿದು, ಮಗು ಮುಖ ತಿರುಗಿಸತೊಡಗಿದ ಮೇಲೆ ಉಳಿದದ್ದು ಚರಂಡಿ ಸೇರಿತು. ಆಮೇಲಿನಿಂದ ಕಪ್ಪು ಗಾಜಿನ ಸಣ್ಣ ಬಾಟಲಿ, ಫ್ರಿಜ್, ತೆರೆದ ದಿನದ ಚೀಟಿ, ನಾಲ್ಕು ವಾರದೊಳಗೆ ಖಾಲಿ ಎಂಬುದು ನನ್ನ ಕಟ್ಟುನಿಟ್ಟು.

ಮಗುವಿನ ಚಿಕಿತ್ಸಕರ ಒಪ್ಪಿಗೆ ಪಡೆದು ಹೊಸ ಲೆಕ್ಕ ಹಾಕಿದೆ. ದಿನಕ್ಕೆ ಸುಮಾರು 1,400 ಕ್ಯಾಲೊರಿಯಲ್ಲಿ ಶೇ. 3.5 ಲಿನೋಲೀಕ್ ಎಂದರೆ ಐದೂವರೆ ಗ್ರಾಂ ಹತ್ತಿರ. ಅಕ್ರೋಟ್ ಎಣ್ಣೆಯಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು, ಆಲ್ಫಾ ಲಿನೋಲೆನಿಕ್ ಶೇ. 10ರಷ್ಟು ಇರುವುದರಿಂದ, 10 ಗ್ರಾಂ ಎಣ್ಣೆಯಲ್ಲಿ ಎರಡರ ಅಗತ್ಯವೂ ಒಟ್ಟಿಗೆ ತೀರುತ್ತದೆ. ಶೇ. 10ರ ಮಿತಿ ಹದಿನೈದೂವರೆ ಗ್ರಾಂ; ಉಳಿದ ಐದೂವರೆ ಗ್ರಾಂ ಧಾನ್ಯ, ಬೇಳೆಗಳೊಳಗೆ ಕಾಣದಂತೆ ಇರುವ ಕೊಬ್ಬಿಗೆ ಮೀಸಲು. ಅಲ್ಲಿ ಕೈ ಸಡಿಲಾದರೆ ಇಡೀ ಲೆಕ್ಕ ಬಿದ್ದುಹೋಗುತ್ತದೆ. ಎಣ್ಣೆ ಸಿರಿಂಜಿನ ಗೋಡೆಗೆ ಅಂಟದಂತೆ ಎಂಸಿಟಿಯೊಂದಿಗೆ ಬೆರೆಸುವ ನನ್ನ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ. ನೋಡದೆ ಮಾಡಿದರೆ ಕೆಡುತ್ತದೆ.

ಈ ನಡುವೆ ಆಟಕ್ಕೆ 20 ನಿಮಿಷ ಮುಂಚೆ ಎಂಸಿಟಿ ಕೊಟ್ಟು ನೋಡುವ ಹುಚ್ಚೂ ಹಿಡಿಯಿತು. ಸ್ನಾಯುನೋವು ಕಡಿಮೆಯಾಯಿತೆಂದು ಹುಡುಗಿ ಹೇಳಿದಳು. ಆದರೆ ಮೊದಲ ದಿನ ಬಳಸಿದ ಥರ್ಮೋಕೋಲ್ ಲೋಟದ ತಳ ಎಣ್ಣೆಗೆ ಮೆತ್ತಗಾಗಿ ಅರ್ಧ ಪ್ರಮಾಣ ಮೇಜಿನ ಪಾಲಾಯಿತು. ಈಗ ಉಕ್ಕಿನ ಲೋಟ.

ಆರು ತಿಂಗಳ ಹೊತ್ತಿಗೆ ಲಿನೋಲೀಕ್ ಮಟ್ಟಕ್ಕೆ ಬಂತು, ಲಿನೋಲೀಕ್ ಸಾಲದಾದಾಗ ಏರುವ ಮೀಡ್ ಆಮ್ಲಕ್ಕೂ ಅರಾಕಿಡೋನಿಕ್‌ಗೂ ಇರುವ ಅನುಪಾತ 0.2ಕ್ಕಿಂತ ಕೆಳಗಿಳಿಯಿತು, ಸಿಕೆ ಏರಲೇ ಇಲ್ಲ. ಬೆಂಕಿ, ತುಪ್ಪ ಎಂದವರು ವರದಿಯನ್ನು ಎರಡು ಸಲ ಓದಿದರು. ಅಕ್ಷಿಪಟಲಕ್ಕೆ ಬೇಕಾದ ಕೊಬ್ಬಿನಾಮ್ಲವಾದ ಡಿಎಚ್‌ಎ ಮಾತ್ರ ಬೇರೆ ಲೆಕ್ಕ: 20 ಕಿಲೋ ಒಳಗಿದ್ದಾಗ ದಿನಕ್ಕೆ 60 ಮಿಲಿಗ್ರಾಂ, ಈಗ ಆಕೆ ಆ ತೂಕ ದಾಟಿರುವುದರಿಂದ 120. ಈ ಕಾಯಿಲೆಯಲ್ಲಿ ಕೆಡಬಹುದಾದ ಅಕ್ಷಿಪಟಲದ ತಪಾಸಣೆಯನ್ನು, ಡಿಎಚ್‌ಎ ಕೊಡುತ್ತಿದ್ದೇವಲ್ಲ ಎಂಬ ನೆಪದಲ್ಲಿ ಒಂದು ವರ್ಷವೂ ತಪ್ಪಿಸಿಲ್ಲ.