ಮೆಡಿಕಲ್ ಸೀಟು ಸಿಕ್ಕಿದೆ: ಸೇರುವುದೋ, ಬಿಡುವುದೋ?

ಮೊದಲ ಸುತ್ತಿನ ಹಂಚಿಕೆ ಬಂದಾಗ ಸಂಜೆ ಏಳು ದಾಟಿತ್ತು. ಅಣ್ಣನ ಮಗಳು ಮೊಬೈಲ್ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದಳು. "ಅತ್ತೆ, ರಾಯಚೂರು ಸಿಕ್ಕಿದೆ. ಸರ್ಕಾರಿ ಕಾಲೇಜು." ಅವಳ ಮುಖದಲ್ಲಿ ನಗು ಇತ್ತು, ಹೆದರಿಕೆಯೂ ಇತ್ತು. ಹಾಲ್‌ನಿಂದ ಅಣ್ಣ ಕೇಳಿದ: "ರಾಯಚೂರಾ? ತುಮಕೂರಿಂದ ಒಂದು ರಾತ್ರಿ ಪ್ರಯಾಣ ಅಲ್ವಾ? ಅದನ್ನ ಯಾಕಮ್ಮ ಹಾಕಿದ್ದೆ?"

ಆ ಪ್ರಶ್ನೆಯನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಕ್ರಮವಾಗಿ ತುಂಬುವ ದಿನವೇ ಕೇಳಬೇಕಿತ್ತು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಪ್ರತಿ ವರ್ಷ ಹತ್ತಾರು ಮಕ್ಕಳ ಜೊತೆ ಕೂತು ಈ ಪಟ್ಟಿ ಮಾಡಿಸುತ್ತೇನೆ. ಪ್ರತಿ ವರ್ಷವೂ ಇದೇ ಮಾತು ಕೇಳುತ್ತೇನೆ. ಸೀಟು ಸಿಕ್ಕ ಮೇಲೆ ಯೋಚಿಸಲು ಸಿಗುವುದು ಎರಡು ಮೂರು ದಿನ. ಅಷ್ಟರಲ್ಲಿ ನೆಂಟರ ಫೋನು, ಏಜೆಂಟರ ಫೋನು, ಬ್ಯಾಂಕಿನ ಓಡಾಟ. ಹಾಗಾಗಿ ಸೇರುವುದೋ ಬಿಡುವುದೋ ಎನ್ನುವುದನ್ನು ಆಪ್ಷನ್ ಪಟ್ಟಿ ಬರೆಯುವಾಗಲೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡಬೇಕು.

ಮೊದಲ ಹೆಜ್ಜೆ: "ಸಿಕ್ಕರೆ ಹೋಗ್ತೀಯಾ?"

ಪಟ್ಟಿಯಲ್ಲಿರುವ ಪ್ರತಿ ಕಾಲೇಜಿನ ಮುಂದೆಯೂ ಈ ಪ್ರಶ್ನೆ ಕೇಳಿ. ಕೇಳಬೇಕಾದ್ದು ಮಗುವನ್ನು, ಮಾವನನ್ನೋ ಪಕ್ಕದ ಮನೆಯವರನ್ನೋ ಅಲ್ಲ. "ಹೋಗ್ತೀನಿ" ಎಂದರೆ ಉಳಿಸಿ. "ನೋಡೋಣ" ಎಂದರೆ ಅಲ್ಲೇ ನಿಂತು ಮಾತಾಡಿ. "ಇಲ್ಲ" ಎಂದರೆ ಅಳಿಸಿ. ಫೀಸು ಕಟ್ಟಲು ಆಗದ ಕಾಲೇಜಿದ್ದರೆ, ಅದು ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಅಳಿಸಿ. ಸುಮ್ನೆ ಇರಲಿ ಅಂತ ಹಾಕಿದ್ದೇ ಎಷ್ಟೋ ಸಲ ಸಿಕ್ಕಿಬಿಡುತ್ತದೆ.

ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಇರುವುದೇ ಇದಕ್ಕೆ. ಅದು ನಿಜವಾದ ಸೀಟಲ್ಲ, ಎಲ್ಲಿ ಸಿಗಬಹುದು ಎಂಬ ಅಂದಾಜು ಅಷ್ಟೇ. ಅದು ಬಂದ ದಿನ ಇದೇ ಸೀಟು ಸಿಕ್ಕಿದೆ ಎಂದುಕೊಂಡು ಮನೆಯವರೆಲ್ಲ ಒಮ್ಮೆ ಕೂತು ಮಾತಾಡಿ. ಯಾರ ಮುಖ ಬಾಡುತ್ತದೆ, ಯಾಕೆ ಬಾಡುತ್ತದೆ ಎನ್ನುವುದು ಆಗಲೇ ಗೊತ್ತಾಗುತ್ತದೆ. ಪಟ್ಟಿ ತಿದ್ದಲು ಆಮೇಲೂ ಅವಕಾಶ ಇರುತ್ತದೆ.

ಎರಡನೆಯದು: ಚಾಯ್ಸ್‌ಗಳ ನಿಜವಾದ ಅರ್ಥ

ಸೀಟು ಹಂಚಿಕೆಯಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ನಾವೆಲ್ಲ ಕೆಇಎ ಎನ್ನುವುದು, ನಿಮ್ಮ ಉತ್ತರ ಕೇಳುತ್ತದೆ. ಸಾಮಾನ್ಯವಾಗಿ ನಾಲ್ಕು ದಾರಿ. ಚಾಯ್ಸ್ 1: ಈ ಸೀಟು ಒಪ್ಪಿಗೆ, ಫೀಸು ಕಟ್ಟಿ ಸೇರುತ್ತೇನೆ, ಮುಂದಿನ ಸುತ್ತು ಬೇಡ. ಚಾಯ್ಸ್ 2: ಈ ಸೀಟು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಅದನ್ನು ಕೊಡಿ. ಚಾಯ್ಸ್ 3: ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 4: ನನಗೆ ಈ ಪ್ರಕ್ರಿಯೆಯೇ ಬೇಡ. ಏನನ್ನೂ ಒತ್ತದೆ ಕೂತರೂ ಸೀಟು ಕೈಬಿಟ್ಟು ಹೋಗುತ್ತದೆ. ಠೇವಣಿ, ದಂಡ, ಯಾವ ಸುತ್ತಿನಲ್ಲಿ ಯಾವ ಚಾಯ್ಸ್ ಇರುತ್ತದೆ ಎನ್ನುವುದೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋದ ವರ್ಷ ಸೇರಿದ ಅಕ್ಕನ ಮಾತು ಕೇಳಿ ಒತ್ತಬೇಡಿ. ಈ ವರ್ಷದ ಸೂಚನೆಯನ್ನು ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಓದಿ.

ಜಾಸ್ತಿ ಜನ ತಪ್ಪು ತಿಳಿಯುವುದು ಚಾಯ್ಸ್ 2 ವಿಷಯದಲ್ಲಿ. ಎರಡೂ ಸೀಟು ಕೈಯಲ್ಲಿರುತ್ತದೆ, ಆಮೇಲೆ ಬೇಕಾದ್ದನ್ನು ಇಟ್ಟುಕೊಳ್ಳಬಹುದು ಎಂದುಕೊಳ್ಳುತ್ತಾರೆ. ಹಾಗಿಲ್ಲ. ಮೇಲಿನದು ಸಿಕ್ಕ ಕ್ಷಣವೇ ಹಳೆಯದು ಹೋಗುತ್ತದೆ, ಇನ್ನೊಬ್ಬರಿಗೆ ಸಿಕ್ಕಿಬಿಡುತ್ತದೆ. ಕಂಪ್ಯೂಟರಿಗೆ ಗೊತ್ತಿರುವುದು ನಿಮ್ಮ ಪಟ್ಟಿಯ ಕ್ರಮ ಮಾತ್ರ.

ಕೆಲವು ವರ್ಷದ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿಗೆ ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಚಾಯ್ಸ್ 2 ಹಾಕಿದರು. ಪಟ್ಟಿಯಲ್ಲಿ ಅದಕ್ಕಿಂತ ಎರಡು ಸಾಲು ಮೇಲೆ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಪ್ರೈವೇಟ್ ಸೀಟು, ಅಂದರೆ ಸರ್ಕಾರಿ ಕೋಟಾಕ್ಕೆ ಸೇರದ ದುಬಾರಿ ಸೀಟು ಇತ್ತು. ಎರಡನೇ ಸುತ್ತಿನಲ್ಲಿ ಅದೇ ಬಂತು. "ಸುಮ್ನೆ ಇರಲಿ ಅಂತ ಹಾಕಿದ್ವಿ ಮೇಡಂ" ಎಂದು ಅವಳ ಅಪ್ಪ ನಮ್ಮ ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತು ಅತ್ತರು. ಅಷ್ಟು ಫೀಸು ಕಟ್ಟಲು ಅವರಿಂದ ಆಗುವಂತಿರಲಿಲ್ಲ. ಹಳೇ ಸೀಟು ವಾಪಸ್ ಬರಲಿಲ್ಲ. ಅವಳು ಮರುವರ್ಷ ಮತ್ತೆ ನೀಟ್ ಪ್ರವೇಶ ಪರೀಕ್ಷೆ ಬರೆದಳು. ಆ ಪಟ್ಟಿಯನ್ನು ನಾನೇ ಇನ್ನೊಮ್ಮೆ ನೋಡಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಹಾಗಾಗಿ ಚಾಯ್ಸ್ 2 ಒತ್ತುವವರು, ಸಿಕ್ಕ ಸೀಟಿಗಿಂತ ಮೇಲಿರುವ ಪ್ರತಿ ಸಾಲನ್ನೂ ಮತ್ತೆ ಓದಿ. ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಒಳ್ಳೆಯದು ಎನಿಸಿದ್ದನ್ನು ಮಾತ್ರ ಉಳಿಸಿ. ಚಾಯ್ಸ್ 3 ಒತ್ತುವ ಮುಂಚೆ ಇನ್ನೂ ಎರಡು ಸಲ ಯೋಚಿಸಿ. ಬಿಟ್ಟ ಸೀಟು ಮತ್ತೆ ಸಿಗುವ ಭರವಸೆ ಇಲ್ಲ. ಮುಂದಿನ ಸುತ್ತಿನಲ್ಲಿ ಏನೂ ಸಿಗದಿದ್ದರೂ ಪರವಾಗಿಲ್ಲ ಎನ್ನುವವರಿಗೆ ಮಾತ್ರ ಅದು.

ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಸಂಸ್ಥೆಗಳ ಲೆಕ್ಕವೇ ಬೇರೆ. ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ, ಜೊತೆಗೆ ಎಲ್ಲ ರಾಜ್ಯಗಳ ಸರ್ಕಾರಿ ಕಾಲೇಜುಗಳ 15% ಅಖಿಲ ಭಾರತ ಕೋಟಾ, ಇವು ದೆಹಲಿಯ ಎಂಸಿಸಿ, ಅಂದರೆ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ ಮೂಲಕ ಹೋಗುತ್ತವೆ. ಡೀಮ್ಡ್‌ಗೆ ನೋಂದಾಯಿಸಲು 2 ಲಕ್ಷ ರೂಪಾಯಿ ಠೇವಣಿ ಇಡಬೇಕು. ಅಲ್ಲಿ ಮೊದಲ ಸುತ್ತಿನ ಸೀಟು ಬೇಡವೆಂದರೆ ನಷ್ಟವಿಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕಿ ಸೇರದಿದ್ದರೆ ಠೇವಣಿ ಹೋಗುತ್ತದೆ. ಮೂರನೇ ಸುತ್ತಿನಲ್ಲಿ ಸೇರಿದವರು ಹೊರಬರುವಂತಿಲ್ಲ. ಉಳಿದ ಸೀಟು ಹಂಚುವ ಕೊನೆಯ ಸ್ಟ್ರೇ ಸುತ್ತಿನಲ್ಲಿ ಸಿಕ್ಕಿ ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ನೀಟ್ ಬರೆಯುವ ಅವಕಾಶವೂ ಹೋಗುತ್ತದೆ. ಸುತ್ತು ಮುಂದೆ ಹೋದಂತೆ "ಬೇಡ" ಎನ್ನುವುದು ದುಬಾರಿಯಾಗುತ್ತದೆ. ಬಿಡುವುದಾದರೆ ಬೇಗ ಬಿಡಿ.

ಮೂರನೆಯದು: ದುಡ್ಡಿನ ಲೆಕ್ಕ, ನೋಟ್‌ಬುಕ್ಕಿನಲ್ಲಿ

ಬಾಯಿಲೆಕ್ಕ ಬೇಡ. ಒಂದು ಹಾಳೆ ತೆಗೆದುಕೊಳ್ಳಿ. ಕೆಇಎ ಮೂಲಕ ಸರ್ಕಾರಿ ಕಾಲೇಜಿನ ಸೀಟಾದರೆ ವರ್ಷದ ಫೀಸು ಲಕ್ಷದೊಳಗೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾ ಸೀಟಾದರೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಪ್ರೈವೇಟ್ ಸೀಟಾದರೆ ಹತ್ತು ಲಕ್ಷ ದಾಟುತ್ತದೆ. ಡೀಮ್ಡ್‌ನಲ್ಲಿ ಇಪ್ಪತ್ತು ಲಕ್ಷದ ಸುತ್ತಮುತ್ತ, ಕೆಲವು ಕಡೆ ಇನ್ನೂ ಜಾಸ್ತಿ. ಕಾಲೇಜು ಒಂದೇ, ಪಾಠ ಹೇಳುವವರು ಒಬ್ಬರೇ, ಆದರೆ ಸೀಟಿನ ಕೋಟಾ ಬೇರೆಯಾದರೆ ಫೀಸು ಏಳೆಂಟು ಪಟ್ಟು. ಹಾಗಾಗಿ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಜೊತೆ ಅದು ಯಾವ ಸೀಟು ಎನ್ನುವುದನ್ನೂ ನೋಡಬೇಕು.

ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಪ್ರೈವೇಟ್ ಸೀಟಿನ ಫೀಸನ್ನು ವರ್ಷಕ್ಕೆ 11 ಲಕ್ಷ ಎಂದಿಟ್ಟುಕೊಂಡರೆ ಒಟ್ಟು ಐವತ್ತು ಲಕ್ಷದ ಹತ್ತಿರ ಬರುತ್ತದೆ. ಹಾಸ್ಟೆಲ್, ಮೆಸ್, ಪುಸ್ತಕ ಇದರಲ್ಲಿಲ್ಲ. ಅಷ್ಟನ್ನೂ ಸಾಲ ತಂದರೆ, 10% ಬಡ್ಡಿಯಲ್ಲಿ 15 ವರ್ಷಕ್ಕೆ ತಿಂಗಳ ಕಂತು ಸುಮಾರು 53,700 ರೂಪಾಯಿ. ಓದುವ ವರ್ಷಗಳಲ್ಲಿ ಕಂತು ಇರುವುದಿಲ್ಲ ನಿಜ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಅದನ್ನು ಸೇರಿಸಿದರೆ ಕಂತು ಇನ್ನೂ ಏರುತ್ತದೆ.

ಈ ಹಾಳೆಯ ಇನ್ನೊಂದು ಬದಿಗೆ ದುಡಿಮೆ ಬರೆಯಿರಿ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳ ಇಂಟರ್ನ್‌ಗಳಿಗೆ ಕೊಡುವ ಭತ್ಯೆ 2020ರಲ್ಲಿ ತಿಂಗಳಿಗೆ 30,000 ರೂಪಾಯಿಗೆ ಏರಿತು. ಅದು ಮುಗಿದ ಕೂಡಲೇ ಹೆಚ್ಚಿನವರು ಸ್ನಾತಕೋತ್ತರ ಪ್ರವೇಶದ ಪಿಜಿ ನೀಟ್‌ಗೆ ಓದಲು ಕೂರುತ್ತಾರೆ, ಸೀಟು ಸಿಕ್ಕರೆ ಎಂಡಿ ಅಥವಾ ಎಂಎಸ್‌ಗೆ ಇನ್ನೂ ಮೂರು ವರ್ಷ. ವಿದ್ಯಾಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ. ಆ ಕಂತನ್ನು ಆಗ ಯಾರು ಕಟ್ಟುತ್ತಾರೆ? ಅಪ್ಪನಿಗೆ ಆಗ ಎಷ್ಟು ವಯಸ್ಸಾಗಿರುತ್ತದೆ? ತಂಗಿಯ ಓದಿಗೆ ಏನು ಉಳಿದಿರುತ್ತದೆ? ಇದನ್ನು ಮಗುವಿನ ಎದುರಿಗೇ ಮಾತಾಡಿ. ಹದಿನೆಂಟರ ಮಕ್ಕಳಿಗೆ ಅರ್ಥವಾಗುತ್ತದೆ. ಮುಚ್ಚಿಟ್ಟರೆ ಮೂರನೇ ವರ್ಷದಲ್ಲಿ ತಿಳಿದು, ಆ ಭಾರ ಹೊತ್ತುಕೊಂಡು ಓದುತ್ತಾರೆ.

ಸಾಲದ ವಿಷಯದಲ್ಲಿ ಇಷ್ಟು ನೆನಪಿರಲಿ. ಬ್ಯಾಂಕುಗಳ ಸಾಮಾನ್ಯ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಡ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡ ಇಡಬೇಕಾಗುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಅಭಿವೃದ್ಧಿ ನಿಗಮಗಳ 'ಅರಿವು' ಸಾಲಕ್ಕೆ ಬಡ್ಡಿ ತೀರಾ ಕಡಿಮೆ, ಅರ್ಜಿ ದಿನಾಂಕ ಮಾತ್ರ ತಪ್ಪಿಸಬೇಡಿ. ಮನೆ ಮಾರಿ ಎಂಬಿಬಿಎಸ್ ಓದಿಸುತ್ತೇವೆ ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಎದುರಿಗೆ ಬೇಜಾರು ಮಾಡಿಕೊಂಡರೂ ಹೇಳುತ್ತೇನೆ.

ನಾಲ್ಕನೆಯದು: ಆಸ್ಪತ್ರೆಗೆ ಹೋಗಿ ನೋಡಿ

ಕಾಲೇಜಿನ ಗೇಟು, ಲಾನು, ಸೆಮಿನಾರ್ ಹಾಲ್ ನೋಡಿ ಮರುಳಾಗಬೇಡಿ. ವೈದ್ಯಕೀಯ ಕಾಲೇಜು ಎಂದರೆ ಅದರ ಆಸ್ಪತ್ರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದ ಪ್ರಕಾರ 100 ಸೀಟಿನ ಕಾಲೇಜಿಗೆ ಕನಿಷ್ಠ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಬೇಕು, ಅದರಲ್ಲಿ ವರ್ಷದ ಸರಾಸರಿ 80% ತುಂಬಿರಬೇಕು. ವಾರದ ದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ಚೀಟಿ ಮಾಡಿಸುವ ಸಾಲು ಎಷ್ಟು ಉದ್ದವಿದೆ? ಹೆರಿಗೆ ವಾರ್ಡಿನ ಹೊರಗೆ ಜನ ಇದ್ದಾರಾ? ಬಿಳಿ ಕೋಟು ಹಾಕಿದ ಮಕ್ಕಳು ರೋಗಿಯ ಪಕ್ಕದಲ್ಲಿದ್ದಾರಾ, ಕ್ಯಾಂಟೀನಿನಲ್ಲಿದ್ದಾರಾ? ಹೊಳೆಯುವ ಕಟ್ಟಡ, ಖಾಲಿ ವಾರ್ಡು ಇದ್ದರೆ ಮಗು ಕಲಿಯುವುದಾದರೂ ಯಾರಿಂದ?

ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಕೇಳಿ: "ಅನಾಟಮಿ ಹಾಲ್‌ನಲ್ಲಿ ಒಂದು ದೇಹದ ಸುತ್ತ ಎಷ್ಟು ಜನ ನಿಲ್ತೀರಾ?" "ರಾತ್ರಿ ಹುಷಾರಿಲ್ಲದಿದ್ದರೆ ಹಾಸ್ಟೆಲ್‌ನಲ್ಲಿ ಯಾರು ನೋಡ್ಕೋತಾರೆ?" ಈ ಎರಡಕ್ಕೆ ಸಿಗುವ ಉತ್ತರ, ಬಣ್ಣದ ಬ್ರೋಷರಿಗಿಂತ ಜಾಸ್ತಿ ಹೇಳುತ್ತದೆ.

ಈ ಕಣ್ಣಿನಿಂದ ನೋಡಿದರೆ ದೂರದ ಜಿಲ್ಲೆಯ ಸರ್ಕಾರಿ ಕಾಲೇಜು ಬೇರೆಯದೇ ಆಗಿ ಕಾಣುತ್ತದೆ. ರಾಯಚೂರು, ಬೀದರ್, ಕಾರವಾರ, ಚಾಮರಾಜನಗರ ಎಂದ ಕೂಡಲೇ ಮೂಗು ಮುರಿಯುವವರನ್ನು ನೋಡಿದ್ದೇನೆ. ಸುತ್ತಲಿನ ತಾಲ್ಲೂಕುಗಳ ರೋಗಿಗಳೆಲ್ಲ ಬರುವುದು ಅಲ್ಲಿಗೇ. ಪಿಜಿ ಪ್ರವೇಶಕ್ಕೆ ಲೆಕ್ಕಕ್ಕೆ ಬರುವುದು ರ‍್ಯಾಂಕ್, ಕಾಲೇಜಿನ ಹೆಸರಲ್ಲ.

ಒಂದು ವರ್ಷ ಕೂತು ಮತ್ತೆ ಬರೆಯುವುದಾ?

ನೀಟ್‌ಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಬರೆಯಬಹುದು ಎಂದ ಮಾತ್ರಕ್ಕೆ ಬರೆಯಲೇಬೇಕು ಅಂತಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸರ್ಕಾರಿ ಫೀಸಿನ ಎಂಬಿಬಿಎಸ್ ಸೀಟು ಕೈಯಲ್ಲಿದ್ದರೆ, ಅದು ಯಾವ ಜಿಲ್ಲೆಯದೇ ಆಗಿರಲಿ, ಇನ್ನೂ ಒಳ್ಳೇ ಕಾಲೇಜಿಗೆ ಎಂದು ಬಿಟ್ಟು ಕೂರಬೇಡಿ. ಫೀಸು ಭರಿಸಲಾಗದ ಸೀಟು ಮಾತ್ರ ಸಿಕ್ಕಿದ್ದು, ಸರ್ಕಾರಿ ಸೀಟು ಸ್ವಲ್ಪದರಲ್ಲೇ ತಪ್ಪಿದ್ದರೆ, ಮಗುವೇ "ಇನ್ನೊಂದು ಸಲ ಬರೀತೀನಿ" ಎಂದರೆ, ಒಂದು ವರ್ಷ ಕೊಡಬಹುದು. ಎಲ್ಲಿ ಅಂಕ ಹೋಯಿತು ಎಂದು ಅವರೇ ಬಿಡಿಸಿ ಹೇಳಬಲ್ಲರೇ ನೋಡಿ. "ಈ ಸಲ ಜಾಸ್ತಿ ಓದ್ತೀನಿ" ಎಂಬುದು ಉತ್ತರವಲ್ಲ. "ಫಿಸಿಕ್ಸ್‌ನಲ್ಲಿ ಇಷ್ಟು ಪ್ರಶ್ನೆ ಸಮಯ ಸಾಲದೆ ಬಿಟ್ಟೆ" ಎಂದರೆ ಅದು ಉತ್ತರ.

ಮಗುವಿಗೇ ಬೇಡವಾದರೆ

ಇದನ್ನು ಎಷ್ಟೋ ಮನೆಗಳಲ್ಲಿ ಯಾರೂ ಕೇಳುವುದೇ ಇಲ್ಲ. ಅಂಕ ಬಂದಿದೆ, ಸೀಟು ಬಂದಿದೆ, ಇನ್ನೇನು ಕೇಳುವುದು ಅಂತ. ದಯವಿಟ್ಟು ಕೇಳಿ. ಅಪ್ಪ ಅಮ್ಮನ ಎದುರು ಬಾಯಿ ಬಿಡದಿದ್ದರೆ ಅಕ್ಕನೋ, ಚಿಕ್ಕಮ್ಮನೋ, ಮೇಷ್ಟ್ರೋ ಕೇಳಲಿ. ರಕ್ತ ನೋಡಿ ಹೆದರುತ್ತೇನೆ ಎನ್ನುವುದು ದೊಡ್ಡ ವಿಷಯವಲ್ಲ, ಅದು ಅಭ್ಯಾಸವಾಗುತ್ತದೆ. "ನನಗೆ ಇದು ಇಷ್ಟವೇ ಇಲ್ಲ, ಹೇಳೋಕೆ ಆಗಲಿಲ್ಲ" ಎಂದರೆ ಅದು ದೊಡ್ಡ ವಿಷಯ. ಮೊದಲ ವರ್ಷದ ಪರೀಕ್ಷೆ ಪಾಸಾಗಲು ಇರುವುದು ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷದ ಗಡುವು. ಮನಸ್ಸಿಲ್ಲದವರಿಗೆ ಈ ದಾರಿ ಬಹಳ ಉದ್ದ.

ಬೇಡ ಎಂದು ತೀರ್ಮಾನವಾದರೆ ನಾಚಿಕೆ ಪಡಬೇಕಾಗಿಲ್ಲ. ಮೊದಲ ಸುತ್ತಿನಲ್ಲೇ, ನಿಯಮದ ಪ್ರಕಾರ, ಬಿಟ್ಟುಕೊಡಿ. ಕಾಲೇಜಿಗೆ ಸೇರಿಯಾಗಿದ್ದರೆ ರದ್ದತಿ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಸ್ವೀಕೃತಿ ಪಡೆದು, ಮೂಲ ದಾಖಲೆ ವಾಪಸ್ ತನ್ನಿ. ಬೇಗ ಬಿಟ್ಟರೆ ಆ ಸೀಟು ಮುಂದಿನ ಸುತ್ತಿನಲ್ಲಿ ಕಾಯುತ್ತಿರುವ ಇನ್ನೊಂದು ಮಗುವಿಗೆ ಹೋಗುತ್ತದೆ. ಕೊನೇ ದಿನಾಂಕ ದಾಟಿದ ಮೇಲೆ ಬಿಟ್ಟರೆ ಖಾಲಿ ಉಳಿಯುತ್ತದೆ, ನಿಮಗೆ ದಂಡವೂ ಬೀಳಬಹುದು.

ಸೇರುವುದೇ ಆದರೆ

ಕೊನೇ ದಿನದ ಸಂಜೆವರೆಗೆ ಕಾಯಬೇಡಿ. ಬ್ಯಾಂಕಿನ ದಿನದ ಮಿತಿಯಿಂದಾಗಿ ಹಣ ಹೋಗದೆ ಪರದಾಡಿದವರಿದ್ದಾರೆ, ಮೊದಲೇ ಮಿತಿ ಏರಿಸಿಕೊಳ್ಳಿ. ಪ್ರವೇಶ ಆದೇಶದಲ್ಲಿ ಇರುವ ಫೀಸಿಗಿಂತ ಜಾಸ್ತಿ ಯಾರಾದರೂ ಕೇಳಿದರೆ ರಸೀದಿ ಕೇಳಿ. ರಸೀದಿ ಕೊಡದ ಹಣ ಕಟ್ಟಬೇಡಿ. ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪತ್ರ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಪತ್ರ, ಎಲ್ಲದರ ಮೂರು ಮೂರು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಮೂಲ ದಾಖಲೆ ಕಾಲೇಜಿನಲ್ಲಿ ಕೂತ ಮೇಲೆ ವಿದ್ಯಾರ್ಥಿವೇತನಕ್ಕೂ ಸಾಲಕ್ಕೂ ಇವೇ ಬೇಕಾಗುತ್ತವೆ.

ಅವತ್ತು ರಾತ್ರಿ ನಾವು ನಾಲ್ಕು ಜನ ಊಟದ ಮೇಜಿನ ಸುತ್ತ ಕೂತು ಹಾಳೆ ತುಂಬಿಸಿದೆವು. ಮೇಲಿದ್ದ ಮೂರು ಪ್ರೈವೇಟ್ ಸೀಟುಗಳನ್ನು ಅಣ್ಣನ ಮಗಳೇ ಅಳಿಸಿದಳು. ಹಾಸನ, ಮಂಡ್ಯ, ಶಿವಮೊಗ್ಗ ಉಳಿಸಿಕೊಂಡು ಚಾಯ್ಸ್ 2 ಒತ್ತಿದಳು. ಎರಡನೇ ಸುತ್ತಿನಲ್ಲಿ ಅವು ಯಾವುವೂ ಸಿಗಲಿಲ್ಲ. ರಾಯಚೂರಿಗೆ ಹೊರಟ ರಾತ್ರಿ ಅತ್ತಿಗೆ ಚಟ್ನಿಪುಡಿ ಡಬ್ಬದ ಮುಚ್ಚಳ ಬಿಗಿಯಾಗಿದೆಯಾ ಎಂದು ಮೂರು ಸಲ ನೋಡಿದರು. ಅಣ್ಣ ಫೈಲನ್ನು ಎದೆಗೆ ಅವಚಿಕೊಂಡು ಬಸ್ ಹತ್ತಿದ.