ಡೀಬಗ್ ಬಿಲ್ಡ್ ಬ್ಯಾರೆ, ರಿಲೀಸ್ ಬಿಲ್ಡ್ ಬ್ಯಾರೆ ಅನ್ನೂದು ಬಿಟ್ವಿ: ಜಿಸಿಸಿ ಫ್ಲ್ಯಾಗ್ಸ್ ಬಗ್ಗೆ ನನ್ನ ಅನುಭವ

ನಾನು ಧಾರವಾಡ ಕಡೆಯಾಂವ, ಈಗ ಪುಣೆದಾಗ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದೊಳಗ ಒಂದು ಸಣ್ಣ ಕಂಪನಿಗೆ ಮೋಟರ್ ಕಂಟ್ರೋಲರ್ ಫರ್ಮ್‌ವೇರ್, ಅಂದ್ರ ಚಿಪ್ಪಿನ ಒಳಗ ಓಡೂ ಪ್ರೋಗ್ರಾಮ್ ಬರೀತೀನಿ. ಟೀಮ್‌ನ್ಯಾಗ ಅರ್ಧ ಮಂದಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವ್ರು, ಹಿಂಗಾಗಿ ಕೋಡ್ ರಿವ್ಯೂ ಅರ್ಧ ಕನ್ನಡದಾಗ ಅರ್ಧ ಮರಾಠಿಯೊಳಗ ನಡೀತದ. ಹೊಸದಾಗಿ ಸೇರಿದ ಹುಡುಗರು ಮೇಕ್‌ಫೈಲ್ (ಬಿಲ್ಡ್ ಹೆಂಗ ಮಾಡಬೇಕು ಅಂತ ಬರದ ಫೈಲ್) ತಗದು ನೋಡಿದ ಕೂಡಲೇ ಕೇಳೂದು ಒಂದ: "ಅಣ್ಣಾ, ಇಲ್ಲೆ ಡೀಬಗ್ ಟಾರ್ಗೆಟ್ ಎಲ್ಲದ?" ಇಲ್ಲ, ತಪ್ಪು ಹುಡುಕಾಕ ಒಂದು ಬಿಲ್ಡ್, ಗಿರಾಕಿಗೆ ಕೊಡಾಕ ಇನ್ನೊಂದು ಅನ್ನೂದು ನಮ್ಮಲ್ಲೆ ಇಲ್ಲ. ಒಂದ ಬಿಲ್ಡ್, ಗಿರಾಕಿಗೆ ಹೋಗೂದೂ ಅದ, ನಾವು ಟೇಬಲ್ ಮ್ಯಾಲೆ ಇಟ್ಟು ಪ್ರೋಬ್ (ಚಿಪ್ಪಿನ ಒಳಗ ಏನ್ ನಡದದ ಅಂತ ತೋರಸೂ ಸಾಧನ) ಹಚ್ಚಿ ನೋಡೂದೂ ಅದ. ಯಾಕ ಹಿಂಗ ಮಾಡ್ಕೊಂಡ್ವಿ, ಜಿಸಿಸಿ ಕಂಪೈಲರ್‌ಗೆ ಕೊಡೂ ಸೂಚನಾ, ಅಂದ್ರ ಫ್ಲ್ಯಾಗ್‌ಗಳೊಳಗ ಯಾವುದು ಏನ್ ಕೆಲಸ ಮಾಡ್ತದ ಅನ್ನೂದನ್ನ ಬರೀತೀನಿ, ಸಿ ಬರಿಯೋರಿಗೆ ಉಪಯೋಗ ಆಗಬಹುದು.

ಮೊದಲ -ಜಿ ಬಗ್ಗೆ, ಯಾಕಂದ್ರ ತಪ್ಪು ತಿಳುವಳಿಕೆ ಬಹಳ ಇರೂದು ಇಲ್ಲೇ. -ಜಿ ಹಾಕಿದ್ರ ಕೋಡ್ ಸ್ಲೋ ಆಗ್ತದ, ಸೈಜ್ ದೊಡ್ಡದಾಗ್ತದ, ಅದಕ್ಕ ರಿಲೀಸ್‌ನ್ಯಾಗ ತಗೀಬೇಕು ಅಂತ ಅನುಭವ ಇದ್ದೋರೂ ಹೇಳ್ತಾರ. ಹಂಗಿಲ್ಲ. -ಜಿ ಅಂದ್ರ ಯಾವ ಅಡ್ರೆಸ್‌ನ ಇನ್‌ಸ್ಟ್ರಕ್ಷನ್ ಯಾವ ಫೈಲಿನ ಯಾವ ಲೈನಿಂದ ಬಂತು, ಯಾವ ವೇರಿಯೇಬಲ್ ಯಾವ ರಿಜಿಸ್ಟರ್‌ನ್ಯಾಗ ಅದ ಅನ್ನೂ ಲೆಕ್ಕ, ಅದು ಡ್ವಾರ್ಫ್ ಅನ್ನೂ ಫಾರ್ಮ್ಯಾಟ್‌ನ್ಯಾಗ ಬಿಲ್ಡ್ ಮಾಡಿದಾಗ ಬರೂ ಇಎಲ್ಎಫ್ ಫೈಲಿನ ಬ್ಯಾರೆ ಸೆಕ್ಷನ್ ಒಳಗ ಕುಂದರ್ತದ. ಇಎಲ್ಎಫ್ ಫೈಲ್ ದಪ್ಪ ಆಗ್ತದ ಖರೆ, ಆದ್ರ ಆಬ್ಜ್‌ಕಾಪಿ ಟೂಲಿನಿಂದ ಚಿಪ್ಪಿಗೆ ಹಾಕೂ .ಬಿನ್ ಫೈಲ್ ತಗದ್ರ ಅದ್ಯಾವುದೂ ಅದರಾಗ ಬರೂದಿಲ್ಲ, ಚಿಪ್ಪಿನ ಫ್ಲ್ಯಾಶಿಗೆ ಹೋಗೂದೂ ಇಲ್ಲ. ನಂಬಿಕಿ ಬರ್ಲಿಲ್ಲಂದ್ರ -ಜಿ ಹಾಕಿ ಒಮ್ಮೆ, ಹಾಕದ ಒಮ್ಮೆ ಬಿಲ್ಡ್ ಮಾಡಿ ಎರಡೂ .ಬಿನ್ ಮ್ಯಾಲೆ ಫೈಲ್ ಹೋಲಿಸೂ ಸಿಎಂಪಿ ಕಮಾಂಡ್ ಓಡಿಸ್ರಿ, ಒಂದ್ ಬೈಟೂ ಫರಕ್ ಇರೂದಿಲ್ಲ (ಕೋಡ್ ಒಳಗ ಡೇಟ್, ಟೈಮ್ ಮ್ಯಾಕ್ರೊ ಇದ್ರ ಅದು ಮಾತ್ರ ಬದಲಾಗ್ತದ). ನಾವು -ಜಿ3 ಹಾಕ್ತೀವಿ, ಅದರಿಂದ ಮ್ಯಾಕ್ರೊಗಳ (ಡಿಫೈನ್ ಮಾಡಿ ಇಟ್ಟ ಹೆಸರುಗಳ) ಮಾಹಿತಿನೂ ಸಿಗ್ತದ, ರಿಜಿಸ್ಟರ್ ಹೆಸರೆಲ್ಲಾ ಡಿಫೈನ್ ಆಗಿರೂ ನಮ್ಮಂಥ ಕೋಡಿಗೆ ಜಿಡಿಬಿ ಡೀಬಗರ್‌ನ್ಯಾಗ ಅದು ಬಹಳ ಅನುಕೂಲ.

ಈಗ ಆಪ್ಟಿಮೈಸೇಶನ್, ಅಂದ್ರ ಕಂಪೈಲರ್ ಕೋಡನ್ನ ಫಾಸ್ಟ್ ಇಲ್ಲಾ ಸಣ್ಣದು ಮಾಡೂದು; ಎಷ್ಟು ಮಾಡಬೇಕು ಅಂತ -ಓ ಫ್ಲ್ಯಾಗ್ ಹೇಳ್ತದ. ಏನೂ ಹೇಳ್ಲಿಲ್ಲಂದ್ರ ಜಿಸಿಸಿ -ಓ0 ತಗೋತದ, ಅಂದ್ರ ಆಪ್ಟಿಮೈಸೇಶನ್ ಬಂದ್. -ಓ0 ಒಳಗ ಪ್ರತಿ ಲೋಕಲ್ ವೇರಿಯೇಬಲ್ ಸ್ಟ್ಯಾಕ್ ಮೆಮೊರಿ ಮ್ಯಾಲೆ ಇರ್ತದ, ಪ್ರತಿ ಸ್ಟೇಟ್‌ಮೆಂಟಿಗೆ ಮೆಮೊರಿಯಿಂದ ತರೂದು ಮತ್ತ ಮೆಮೊರಿಗೆ ಇಡೂದು, ಡೀಬಗರ್‌ನ್ಯಾಗ ಒಂದೊಂದ ಲೈನ್ ಸ್ಟೆಪ್ ಮಾಡಾಕ ಛಲೋ ಅನಿಸ್ತದ. ಆದ್ರ ನಮ್ಮ ಕರೆಂಟ್ ಲೂಪ್ (ಮೋಟರ್ ಕರೆಂಟ್ ಹಿಡಿತದಾಗ ಇಡೂ ಕೋಡ್) 20 ಕಿಲೋಹರ್ಟ್ಸ್, ಅಂದ್ರ ಪ್ರತಿ 50 ಮೈಕ್ರೊಸೆಕೆಂಡಿಗೆ ಒಮ್ಮೆ ಇಂಟರಪ್ಟ್ (ನಡದ ಕೆಲಸ ನಿಲ್ಸಿ ಈ ಕೋಡ್ ಓಡಸೂ ಕರೆ), 72 ಮೆಗಾಹರ್ಟ್ಸ್ ಕ್ಲಾಕ್‌ಗೆ ಲೆಕ್ಕ ಹಾಕಿದ್ರ ಕೈಯಾಗ ಇರೂದು 3600 ಸೈಕಲ್. ಎಡಿಸಿಯಿಂದ ಅಳತಿ ಓದಿ, ಲೆಕ್ಕ ಮಾಡಿ, ಮೋಟರ್ ನಡಸೂ ಪಿಡಬ್ಲ್ಯೂಎಂ ಸಿಗ್ನಲಿನ ಬೆಲೆ ಬರ್ದು ಹೊರಗ ಬರೂದು ಅಷ್ಟರಾಗ ಮುಗೀಬೇಕು. -ಓ0 ಹಾಕಿದ್ರ ಮುಗಿಯೂದಿಲ್ಲ, ಒಂದು ಇಂಟರಪ್ಟ್ ಮುಗಿಯೂದ್ರೊಳಗ ಇನ್ನೊಂದು ಬಂದು ನಿಂತಿರ್ತದ, ಅಂದ್ರ ಆ ಡೀಬಗ್ ಬಿಲ್ಡ್‌ನ್ಯಾಗ ನೀವು ನೋಡೂದು ನಿಮ್ಮ ಪ್ರಾಡಕ್ಟ್ ಅಲ್ಲ, ಬ್ಯಾರೆ ಏನೋ ಒಂದು ಪ್ರೋಗ್ರಾಮ್. ಎಂಬೆಡೆಡ್ ಅಂತಲ್ಲ, ಲಿನಕ್ಸ್ ಕರ್ನಲ್ ನೋಡ್ರಿ, ಅದು -ಓ2 ಮ್ಯಾಲೆ ಬಿಲ್ಡ್ ಆಗ್ತದ, -ಓ0 ಹಾಕಿದ್ರ ಕಂಪೈಲ್ ಆಗೂದೇ ಇಲ್ಲ, ಹಂಗಂತ ಕರ್ನಲ್ ಮಂದಿ ಡೀಬಗ್ ಮಾಡೂದೇನು ಬಿಟ್ಟಿಲ್ಲ.

ನಮ್ದು ಹಿಂಗ ಅದ: ಇಡೀ ಪ್ರಾಜೆಕ್ಟಿಗೆ ಸೈಜ್ ಸಣ್ಣದು ಮಾಡೂ -ಓಎಸ್, ಯಾಕಂದ್ರ ಫ್ಲ್ಯಾಶ್ ಮೆಮೊರಿ ಕಡಿಮಿ, ಕರೆಂಟ್ ಲೂಪ್ ಇರೂ ಫೈಲ್‌ಗಳಿಗೆ ಮಾತ್ರ ಸ್ಪೀಡಿಗಂತ -ಓ2. ಎರಡೂ ಹೆಂಗ ಅಂದ್ರ, ಜಿಸಿಸಿಗೆ ಒಂದಕ್ಕಿಂತ ಹೆಚ್ಚು -ಓ ಕೊಟ್ರ ಕಟ್ಟಕಡೀದ ಮಾತ್ರ ಲೆಕ್ಕಕ್ಕ ಬರ್ತದ. ಮೇಕ್‌ಫೈಲ್‌ನ್ಯಾಗ ಆ ಆಬ್ಜೆಕ್ಟ್ ಫೈಲಿನ ಹೆಸರು ಬರ್ದು, ಅದರ ಸಿಫ್ಲ್ಯಾಗ್ಸ್‌ಗೆ ಪ್ಲಸ್ ಈಕ್ವಲ್ ಹಾಕಿ -ಓ2 ಸೇರಿಸಿದ್ರ ಮುಗೀತು. ಇದೇ ದಾರಿಯಿಂದ ಡೀಬಗ್ ಸಮಸ್ಯೆನೂ ಬಗೆಹರೀತದ. ಒಂದು ಫೈಲ್ ಒಳಗ ಸ್ಟೆಪ್ ಮಾಡ್ಕೋತ ಹೋಗಬೇಕು, ಜಿಡಿಬಿ ನೋಡಿದ್ರ ಎಲ್ಲಾದಕ್ಕೂ "ಆಪ್ಟಿಮೈಸ್ಡ್ ಔಟ್" (ಕಂಪೈಲರ್ ತಗದು ಹಾಕೇದ) ಅಂತದ ಅಂದಾಗ ಆ ಒಂದ ಫೈಲಿಗೆ -ಓಜಿ ಹಾಕಿ, ಉಳಿದದ್ದೆಲ್ಲಾ ಇದ್ದಂಗ ಬಿಡ್ರಿ. -ಓಜಿ ಬಂದದ್ದು 2013ರಾಗ ಜಿಸಿಸಿ 4.8 ಜೊತಿಗೆ, ಡೀಬಗ್ಗಿಗೆ ಅಡ್ಡ ಬರದಂಥ ಆಪ್ಟಿಮೈಸೇಶನ್ ಅಷ್ಟ ಮಾಡೂದು ಅದರ ಉದ್ದೇಶ. ಅದರಾಗೂ ಕೆಲವು ವೇರಿಯೇಬಲ್ ಕಾಣೂದಿಲ್ಲ, ಆದ್ರ ಟೈಮಿಂಗ್ -ಓ0 ಹಾಕಿದಷ್ಟು ಹದಗೆಡೂದಿಲ್ಲ, ಕೆಲಸ ಆಗ್ತದ.

ನಮಗ ಹೊರಗಿಂದ ಒಂದು ಹಳೇ ಡ್ರೈವರ್ ಕೋಡ್ ಬಂದಿತ್ತು. ಅವರ ಕಡೆ -ಓ0 ಮ್ಯಾಲೆ ವರ್ಷಗಟ್ಟಲೆ ನಡದದ್ದು, ನಮ್ಮ ಬಿಲ್ಡಿಗೆ ಸೇರಿಸಿದ ಕೂಡಲೇ ಬೋರ್ಡ್ ಸ್ಟಾರ್ಟಪ್‌ನ್ಯಾಗ ನಿಂತ್ಬಿಡ್ತು. ವಿಜಯಪುರದ ನಮ್ಮ ಹುಡುಗ ಬಂದು "ಅಣ್ಣಾ, ಕಂಪೈಲರ್ ಬಗ್ ಐತಿ, ಆಪ್ಟಿಮೈಸೇಶನ್ ಬಂದ್ ಮಾಡಿದ್ರ ನಡೀತೈತಿ" ಅಂದ. ಈ ಮಾತು ಫರ್ಮ್‌ವೇರ್ ಮಂದಿ ಎಲ್ಲಾರೂ ಒಮ್ಮೆರ ಕೇಳಿರ್ತಾರ. ಪ್ರೋಬ್ ಹಚ್ಚಿ ನಿಲ್ಸಿದ್ವಿ, ಪ್ರೋಗ್ರಾಮ್ ಕೌಂಟರ್ (ಯಾವ ಇನ್‌ಸ್ಟ್ರಕ್ಷನ್ ನಡದದ ಅಂತ ಹೇಳೂ ರಿಜಿಸ್ಟರ್) ಅಲ್ಲಾಡದ ಒಂದ ಅಡ್ರೆಸ್ ಮ್ಯಾಲೆ ಇತ್ತು. ರಿಲೀಸ್ ಬಿಲ್ಡ್‌ನ್ಯಾಗೇ -ಜಿ3 ಇದ್ದದ್ದಕ್ಕ ಜಿಡಿಬಿಯೊಳಗ ಡಿಸ್ಅಸೆಂಬಲ್ ಕಮಾಂಡಿಗೆ ಸ್ಲ್ಯಾಶ್ ಎಸ್ ಹಚ್ಚಿ ಕೊಟ್ವಿ, ಸೋರ್ಸ್ ಲೈನೂ ಅಸೆಂಬ್ಲಿನೂ (ಚಿಪ್ ಓಡಸೂ ಇನ್‌ಸ್ಟ್ರಕ್ಷನ್) ಕೂಡೇ ಬಂತು. ಸೋರ್ಸ್‌ನ್ಯಾಗ ಇದ್ದದ್ದು ಎಡಿಸಿ ಮುಗೀತು ಅಂತ ಹೇಳೂ ಫ್ಲ್ಯಾಗ್ (ಇದು ಕಂಪೈಲರ್ ಫ್ಲ್ಯಾಗ್ ಅಲ್ಲ, ಒಂದು ವೇರಿಯೇಬಲ್) ಸೊನ್ನೆ ಇರೂ ತನಕ ಕಾಯೂ ಒಂದು ವೈಲ್ ಲೂಪ್, ಫ್ಲ್ಯಾಗ್ ಸೆಟ್ ಆಗೂದು ಇಂಟರಪ್ಟ್ ಒಳಗ. ಅಸೆಂಬ್ಲಿಯೊಳಗ ಏನಿತ್ತು ಅಂದ್ರ, ಫ್ಲ್ಯಾಗನ್ನ ಮೆಮೊರಿಯಿಂದ ಒಂದ ಸಲ ರಿಜಿಸ್ಟರಿಗೆ ತರೂದು, ಸೊನ್ನೆ ಅಲ್ಲಂದ್ರ ಮುಂದ ಹೋಗೂದು, ಸೊನ್ನೆ ಇದ್ರ ತನ್ನ ಮ್ಯಾಲೆ ತಾನ ಹಾರೂ ಒಂದು ಬ್ರ್ಯಾಂಚ್, ಚಿಪ್ಪಿನ ಥಂಬ್ ಎನ್‌ಕೋಡಿಂಗ್‌ನ್ಯಾಗ ಅದರ ಕೋಡ್ ಇ7ಎಫ್ಇ. ಲೂಪಿನ ಒಳಗ ಮೆಮೊರಿ ಓದೂ ಇನ್‌ಸ್ಟ್ರಕ್ಷನ್ನೇ ಇಲ್ಲ. ಇಂಟರಪ್ಟ್ ಬಂದು ಫ್ಲ್ಯಾಗ್ ಸೆಟ್ ಮಾಡಿ ಹೋಗ್ತಿತ್ತು, ನೋಡೋರು ಯಾರೂ ಇರ್ಲಿಲ್ಲ.

ಕಂಪೈಲರ್ ಮಾಡಿದ್ದು ಸರಿನ ಅದ. ಆ ವೇರಿಯೇಬಲ್‌ಗೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದನ ಓದು ಅನ್ನೂ ಸೂಚನಾ) ಅಂತ ಬರೀಲಾರದಕ್ಕ, ಲೂಪ್ ಒಳಗ ಅದನ್ನ ಬದಲಿ ಮಾಡೂ ಕೋಡ್ ಏನೂ ಇಲ್ಲದ್ದಕ್ಕ, ಮತ್ತ ಮತ್ತ ಓದೂದು ಯಾಕ ಅಂತ ಅದು ತಗದು ಹಾಕ್ತು. -ಓ0 ಮ್ಯಾಲೆ ಇದು ಎಂದೂ ಕಾಣೂದಿಲ್ಲ, ಯಾಕಂದ್ರ ಅಲ್ಲೆ ಪ್ರತಿ ಸಲ ಮೆಮೊರಿ ಓದ್ತದ. ವೊಲಟೈಲ್ ಹಾಕಿದ್ವಿ, ನಡೀತು. ಮತ್ತ ಇದಕ್ಕ ಯಾವ ವಾರ್ನಿಂಗೂ ಬರೂದಿಲ್ಲ, ನಾವು ಹಾಕಿದ ಎಲ್ಲಾ ಡಬ್ಲ್ಯೂ ಫ್ಲ್ಯಾಗ್ (ವಾರ್ನಿಂಗ್ ಆನ್ ಮಾಡೂವು) ಇದ್ರೂ ಕಂಪೈಲರ್ ಸುಮ್ಮನಿತ್ತು. ಅದಕ್ಕ ಇಂಟರಪ್ಟ್ ಜೊತಿ ಹಂಚ್ಕೊಂಡ ವೇರಿಯೇಬಲ್‌ಗಳನ್ನ ರಿವ್ಯೂ ಒಳಗ ಮನಷ್ಯಾನ ಕಣ್ಣಲೇ ನೋಡಬೇಕು, ಮತ್ತ ಮೊದಲ ದಿನದಿಂದ ಆಪ್ಟಿಮೈಸ್ ಆದ ಬಿಲ್ಡ್ ಮ್ಯಾಲೇ ಕೆಲಸ ಮಾಡಬೇಕು. ಅಂದ್ರ ಇಂಥಾವು ಬರ್ದ ದಿನಾನ ಕಾಣ್ತಾವ, ಪುಣೆ ಹತ್ತಿರದ ಚಾಕಣದಾಗ ಗಿರಾಕಿ ಟೆಸ್ಟ್ ಬೆಂಚ್ ಮುಂದ ನಿಂತಾಗ ಅಲ್ಲ.

ವಾರ್ನಿಂಗ್ ವಿಷಯಕ್ಕ ಬರ್ತೀನಿ. -ವಾಲ್ ಹಾಕಿದ್ರ ಎಲ್ಲಾ ವಾರ್ನಿಂಗ್ ಬರ್ತಾವ ಅಂತ ಭಾಳ ಮಂದಿ ತಿಳ್ಕೊಂಡಾರ. ಬರೂದಿಲ್ಲ. ಸೈನ್ಡ್ (ಮೈನಸ್ ಆಗಬಹುದಾದ) ಮತ್ತ ಅನ್‌ಸೈನ್ಡ್ ಸಂಖ್ಯಾ ಹೋಲಿಸಿದ್ರ ಬರೂ ಸೈನ್-ಕಂಪೇರ್ ವಾರ್ನಿಂಗ್ ಸಿ ಪ್ಲಸ್ ಪ್ಲಸ್‌ಗೆ -ವಾಲ್ ಒಳಗ ಅದ, ಆದ್ರ ಸಿ ಭಾಷಾಕ್ಕ -ಡಬ್ಲ್ಯೂಎಕ್ಸ್‌ಟ್ರಾ ಹಾಕಿದ್ರ ಮಾತ್ರ. ಸ್ವಿಚ್ ಒಳಗ ಬ್ರೇಕ್ ಬಿಟ್ಟು ಕೆಳಗಿನ ಕೇಸಿಗೆ ಜಾರೂದನ್ನ ಹಿಡಿಯೂದೂ ಎಕ್ಸ್‌ಟ್ರಾ ಒಳಗ, ಜಿಸಿಸಿ 7ರಿಂದ. ಶ್ಯಾಡೋ (ಒಳಗಿನ ವೇರಿಯೇಬಲ್ ಹೊರಗಿನದನ್ನ ಅದೇ ಹೆಸರಿಂದ ಮುಚ್ಚೂದು), ಕನ್ವರ್ಶನ್ (ಟೈಪ್ ಬದಲಾಗಿ ಬೆಲೆ ಕೆಡಬಹುದಾದದ್ದು), ಡಬಲ್-ಪ್ರಮೋಶನ್ (ಫ್ಲೋಟ್ ತಾನ ಡಬಲ್ ಆಗೂದು) ಇವು ಎರಡರಾಗೂ ಇಲ್ಲ, ಹೆಸರು ಹಿಡ್ದು ಕೇಳಬೇಕು.

ಇನ್ನೊಂದು, ಇದು ಗೊತ್ತಿರೋರು ಕಡಿಮಿ: ವಾರ್ನಿಂಗೂ ಆಪ್ಟಿಮೈಸೇಶನ್ನೂ ಬ್ಯಾರೆ ಬ್ಯಾರೆ ಅಲ್ಲ. ಇನಿಶಿಯಲೈಸ್ ಮಾಡದ ವೇರಿಯೇಬಲ್ ಯಾವುದೋ ಒಂದು ದಾರಿಯೊಳಗ ಬಳಕಿ ಆಗಬಹುದು ಅಂತ ಹೇಳೂ ಮೇಬಿ-ಅನ್‌ಇನಿಶಿಯಲೈಸ್ಡ್ ವಾರ್ನಿಂಗ್ ಬರಬೇಕಂದ್ರ ಕಂಪೈಲರ್ ಡೇಟಾ ಫ್ಲೋ ಬಿಡಿಸಿ ನೋಡಿರಬೇಕು, ಅದನ್ನ ಮಾಡೂದು ಆಪ್ಟಿಮೈಸರ್. -ಓ0 ಹಾಕಿ ವಾರ್ನಿಂಗ್ ಇಲ್ಲ, ಕೋಡ್ ಸ್ವಚ್ಛ ಅದ ಅಂತ ಖುಷಿ ಪಡೋರು ಒಮ್ಮೆ -ಓ2 ಹಾಕಿ ನೋಡ್ರಿ. ಲಿನಕ್ಸಿನ ಸಿ ಲೈಬ್ರರಿ ಗ್ಲಿಬ್‌ಸಿಯೊಳಗ ಬಫರ್ ದಾಟೂದನ್ನ ಹಿಡಿಯೂ ಫೋರ್ಟಿಫೈ ಸೋರ್ಸ್‌ನದ್ದೂ ಇದೇ ಕಥಿ, ಆಪ್ಟಿಮೈಸೇಶನ್ ಇಲ್ಲಂದ್ರ ಅದು ಕೆಲಸನ ಮಾಡೂದಿಲ್ಲ.

ಡಬಲ್-ಪ್ರಮೋಶನ್ ಬಗ್ಗೆ ನನಗ ವಿಶೇಷ ಪ್ರೀತಿ ಅದ. ಕಾರ್ಟೆಕ್ಸ್ ಎಂ4 ಪ್ರೊಸೆಸರ್ ಒಳಗ ಇರೂ ಎಫ್‌ಪಿಯು (ದಶಮಾಂಶ ಲೆಕ್ಕ ಮಾಡೂ ಭಾಗ) ಸಿಂಗಲ್ ಪ್ರಿಸಿಶನ್, ಅಂದ್ರ 32 ಬಿಟ್ ಫ್ಲೋಟ್ ಮಾತ್ರ, ಎರಡು ಫ್ಲೋಟ್ ಗುಣಿಸೂದು ಅದಕ್ಕ 1 ಸೈಕಲ್ ಕೆಲಸ. ಆದ್ರ ಕೋಡ್‌ನ್ಯಾಗ ಎಕ್ಸ್ ಇಂಟು 0.1 ಅಂತ ಬರೀತೀವಿ ನೋಡ್ರಿ, ಸಿ ನಿಯಮದ ಪ್ರಕಾರ ಆ 0.1 ಡಬಲ್ (64 ಬಿಟ್), ಹಿಂಗಾಗಿ ಎಕ್ಸ್‌ನೂ ಡಬಲ್ ಆಗಿ, ಗುಣಾಕಾರ ಸಾಫ್ಟ್‌ವೇರ್ ಫಂಕ್ಷನ್ ಒಳಗ ನಡ್ದು, ಮತ್ತ ವಾಪಸ್ ಫ್ಲೋಟ್ ಆಗಿ ಬರ್ತದ, ಹತ್ತಾರು ಸೈಕಲ್ ಖರ್ಚು, ಅದೂ ಮೂರು ಫಂಕ್ಷನ್ ಕಾಲ್. ಉತ್ತರ ಸರಿನ ಬರ್ತದ, ಅದಕ್ಕ ಟೆಸ್ಟ್‌ನ್ಯಾಗ ಯಾರಿಗೂ ಕಾಣೂದಿಲ್ಲ, ಲೂಪ್ ಮಾತ್ರ ಯಾಕೋ ಭಾರ ಆಗೇದ ಅನಿಸ್ತದ. ಮ್ಯಾಪ್ ಫೈಲ್ (ಬಿಲ್ಡ್‌ನ್ಯಾಗ ಏನೇನು ಸೇರೇದ ಅನ್ನೂ ಪಟ್ಟಿ) ತಗದು ಎಇಎಬಿಐ ಡಿಮುಲ್ (ಡಬಲ್ ಗುಣಿಸೂ ಫಂಕ್ಷನ್) ಅನ್ನೂ ಹೆಸರು ಹುಡುಕ್ರಿ, ಸಿಕ್ತಂದ್ರ ಎಲ್ಲೋ ಒಂದು ಕಡೆ ಡಬಲ್ ಹೊಕ್ಕೊಂಡದ ಅಂತ ಅರ್ಥ. ಆ ವಾರ್ನಿಂಗ್ ಆನ್ ಮಾಡಿದ್ರ ಲೈನ್ ನಂಬರ್ ಸಮೇತ ತೋರಿಸ್ತದ, 0.1 ಆದಮ್ಯಾಲೆ ಒಂದು ಎಫ್ ಅಕ್ಷರ ಹಚ್ಚಿದ್ರ ಮುಗೀತು. ಫ್ಲೋಟ್ ಬಳಸಿ ಮೋಟರ್, ಬ್ಯಾಟರಿ ಕೋಡ್ ಬರಿಯೋರು ಎಲ್ಲಾರೂ ಇದನ್ನ ಹಾಕ್ಕೊಳ್ರಿ ಅಂತ ಕೈ ಮುಗ್ದು ಹೇಳ್ತೀನಿ.

ಕನ್ವರ್ಶನ್ ಮಾತ್ರ ಹಳೇ ಕೋಡಿಗೆ ಹಾಕಬ್ಯಾಡ್ರಿ. ಎರಡು 16 ಬಿಟ್ ಸಂಖ್ಯಾ ಕೂಡಿಸಿ 16 ಬಿಟ್‌ನ್ಯಾಗ ಇಟ್ರೂ ಅದು ಒದರ್ತದ, ಸ್ಕ್ರೀನ್ ತುಂಬ ಬಂದ ವಾರ್ನಿಂಗ್ ಯಾರೂ ಓದೂದಿಲ್ಲ, ಅದರ ನಡುವ ಖರೆ ಖರೆ ಅಪಾಯದ್ದು ಒಂದು ಮುಚ್ಚಿ ಹೋಗ್ತದ. ನಾವು ಹೊಸ ಫೈಲ್‌ಗಳಿಗೆ ಮಾತ್ರ ಹಾಕೀವಿ. ಚಿಪ್ ಕಂಪನಿಯವ್ರು ಕೊಟ್ಟ ಹೆಡರ್‌ಗಳನ್ನ -ಐ ಬದಲಿ -ಐಸಿಸ್ಟಮ್ ಹಾಕಿ ತಗೋತೀವಿ, ಹಂಗ ಮಾಡಿದ್ರ ಆ ಹೆಡರ್ ಒಳಗಿನ ವಾರ್ನಿಂಗ್ ಬಂದ್ ಆಗ್ತಾವ, ನಮ್ಮವು ಮಾತ್ರ ಉಳೀತಾವ.

ಡಬ್ಲ್ಯೂ-ಎರರ್ (ವಾರ್ನಿಂಗನ್ನ ಎರರ್ ಮಾಡಿ ಬಿಲ್ಡ್ ನಿಲ್ಸೂ ಫ್ಲ್ಯಾಗ್) ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ ಅದ: ಬಿಲ್ಡ್ ಸರ್ವರ್ ಮ್ಯಾಲೆ ಇರ್ಲಿ, ಡೆವಲಪರ್ ಲ್ಯಾಪ್‌ಟಾಪ್ ಮ್ಯಾಲೆ ಬ್ಯಾಡ, ಬ್ಯಾರೆಯವ್ರಿಗೆ ಸೋರ್ಸ್ ಕೊಡೂವಾಗ ಅಂತೂ ಬ್ಯಾಡೇ ಬ್ಯಾಡ. ಅವರ ಕಂಪೈಲರ್ ಹೊಸ ವರ್ಶನ್ ಇದ್ರ ಹೊಸ ವಾರ್ನಿಂಗ್ ಬರ್ತದ, ಛಲೋ ನಡಿಯೂ ಕೋಡ್ ಬಿಲ್ಡ್ ಆಗದ ಕೂಡ್ತದ. ಆದ್ರ ಕೆಲವನ್ನ ಎಲ್ಲಾ ಕಡೆ ಎರರ್ ಮಾಡೀವಿ: ರಿಟರ್ನ್ ಮಾಡದ ಫಂಕ್ಷನ್, ಡಿಕ್ಲೇರ್ ಮಾಡದ ಫಂಕ್ಷನ್ ಕರಿಯೂದು, ಹೊಂದದ ಪಾಯಿಂಟರ್ ಟೈಪ್. ಇವು ಬಂದ್ವು ಅಂದ್ರ ಬಗ್ ಇದ್ದಂಗ. ಈ ಕಡೀವು ಎರಡನ್ನ 2024ರಾಗ ಬಂದ ಜಿಸಿಸಿ 14 ತಾನ ಡಿಫಾಲ್ಟ್ ಎರರ್ ಮಾಡೇದ.

ಪಿಸಿ ಮ್ಯಾಲೆ ಓಡೂ ಯುನಿಟ್ ಟೆಸ್ಟ್‌ನ್ಯಾಗ ಇನ್ನೊಂದು ಅಸ್ತ್ರ ಅದ, ಪ್ರೋಗ್ರಾಮ್ ಓಡೂವಾಗ ತಪ್ಪು ಹಿಡಿಯೂ ಸ್ಯಾನಿಟೈಸರ್. ಕಂಟ್ರೋಲ್ ಲಾಜಿಕ್ ಎಲ್ಲಾ ಹಾರ್ಡ್‌ವೇರ್‌ನಿಂದ ಬ್ಯಾರೆ ಇಟ್ಟೀವಿ, ಅದನ್ನ ಲ್ಯಾಪ್‌ಟಾಪ್ ಮ್ಯಾಲೆ -ಎಫ್‌ಸ್ಯಾನಿಟೈಸ್ ಈಕ್ವಲ್ಸ್ ಅಡ್ರೆಸ್ ಕಾಮಾ ಅನ್‌ಡಿಫೈನ್ಡ್, ಜೊತಿಗೆ -ಓ1 -ಜಿ ಹಾಕಿ ಬಿಲ್ಡ್ ಮಾಡ್ತೀವಿ. ಅಡ್ರೆಸ್ ಸ್ಯಾನಿಟೈಸರ್ ಸುಮಾರು 2 ಪಟ್ಟು ನಿಧಾನ, ಟೆಸ್ಟಿಗೆ ಅದೇನೂ ತ್ರಾಸಲ್ಲ. ಅರೇ ಒಂದು ಸ್ಥಾನ ದಾಟಿ ಬರದ್ರೂ ಫೈಲು, ಲೈನು, ಯಾರು ಕರದ್ರು ಅನ್ನೂದೆಲ್ಲಾ ಹೇಳಿ ನಿಲ್ತದ. ಅನ್‌ಡಿಫೈನ್ಡ್‌ದ್ದು ಬಹಳ ಉಪಯೋಗ ಆಗೂದು ಸೈನ್ಡ್ ಓವರ್‌ಫ್ಲೋಕ್ಕ (ಬೆಲೆ ಟೈಪಿನ ಲಿಮಿಟ್ ದಾಟೂದು). ಎ ಪ್ಲಸ್ 100 ಅನ್ನೂದು ಎಗಿಂತ ಸಣ್ಣದಾದ್ರ ಓವರ್‌ಫ್ಲೋ ಆಗೇದ ಅಂತ ಇಫ್ ಬರದಿರ್ತಾರ, ಎ ಇಂಟ್ ಇದ್ರ ಹಂಗ ಆಗೂದೇ ಸಾಧ್ಯ ಇಲ್ಲ ಅಂತ ಸಿ ನಿಯಮ ಹಿಡ್ಕೊಂಡು -ಓ2 ಆ ಇಫ್‌ನ ಪೂರಾ ಕಿತ್ತು ಒಗೀತದ. ಅಂದ್ರ ಕಾವಲಿಗೆ ಹಾಕಿದ ಚೆಕ್ಕೇ ಬೈನರಿಯೊಳಗ ಇರೂದಿಲ್ಲ. -ಎಫ್‌ರ‍್ಯಾಪ್‌ವಿ ಹಾಕಿದ್ರ ಉಳೀತದ, ಆದ್ರ ಕೂಡ್ಸೂಕಿಂತ ಮೊದಲ ಲಿಮಿಟ್ ನೋಡೂದೇ ಸರಿಯಾದ ಮದ್ದು.

ಟೆಸ್ಟ್ ಬೆಂಚ್ ಲಾಗ್ ಓದೂ ಪಿಸಿ ಟೂಲ್‌ಗಳಿಗೆ -ಓ3, -ಓಫಾಸ್ಟ್, -ಮಾರ್ಚ್ ಈಕ್ವಲ್ಸ್ ನೇಟಿವ್ (ಬಿಲ್ಡ್ ಮಾಡೂ ಪಿಸಿಯ ಪ್ರೊಸೆಸರಿಗೆ ಹೊಂದಿಸೂದು) ಹಾಕಿ ಸ್ಪೀಡ್ ತಗೀಬೇಕು ಅನ್ನೂ ಆಸೆ ಎಲ್ಲಾರಿಗೂ ಬರ್ತದ. -ಓ3 ಅಳದು ನೋಡಿ ಹಾಕ್ರಿ, ಫರಕ್ ಬರ್ಲಿಲ್ಲಂದ್ರ -ಓ2 ಸಾಕು. ನೇಟಿವ್ ಹಾಕಿ ಹೊಸ ಲ್ಯಾಪ್‌ಟಾಪ್ ಮ್ಯಾಲೆ ಬಿಲ್ಡ್ ಆದದ್ದು ಬೆಂಚಿನ ಹಳೇ ಪಿಸಿ ಮ್ಯಾಲೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಬಿದ್ದುಬಿಡ್ತದ, ಅದಕ್ಕ ಬ್ಯಾಡ. -ಓಫಾಸ್ಟ್ ಅಂತೂ ನಮ್ಮಲ್ಲೆ ನಿಷೇಧ, ಯಾಕಂದ್ರ ಅದು ಫಾಸ್ಟ್-ಮ್ಯಾಥ್ ಆನ್ ಮಾಡ್ತದ, ಅದು ನ್ಯಾನ್ (ಸಂಖ್ಯಾ ಅಲ್ಲ ಅನ್ನೂ ಬೆಲೆ) ಬರೂದೇ ಇಲ್ಲ ಅಂತ ತಿಳ್ಕೋತದ. ನಮ್ಮ ಲಾಗ್‌ನ್ಯಾಗ ಸೆನ್ಸರ್ ಕೈ ಕೊಟ್ಟ ಜಾಗಾದಾಗ ಇರೂದೇ ನ್ಯಾನ್, ಇಸ್‌ನ್ಯಾನ್ ಚೆಕ್ ಸುಮ್ಮನ ಮಾಯ ಆಗಿ, ಗ್ರಾಫ್ ಸುಳ್ಳು ಹೇಳಾಕ ಹತ್ತಿದ್ರ ಮೋಟರ್ ಪಾಸ್ ಅಂತ ಸಹಿ ಹಾಕೋರು ಯಾರು?

ಕಡೀಕ ಎರಡು ಸಣ್ಣ ಫ್ಲ್ಯಾಗ್. -ಎಫ್‌ಸ್ಟ್ಯಾಕ್-ಯೂಸೇಜ್ ಹಾಕಿದ್ರ ಪ್ರತಿ ಫಂಕ್ಷನ್ ಎಷ್ಟು ಬೈಟ್ ಸ್ಟ್ಯಾಕ್ ತಿಂತದ ಅಂತ .ಎಸ್‌ಯು ಫೈಲ್‌ನ್ಯಾಗ ಬರ್ದು ಇಡ್ತದ, ಸ್ಟ್ಯಾಕ್ ಸಣ್ಣದಿರೂ ಚಿಪ್ಪಿಗೆ ಬೇಕೇ ಬೇಕು. ಇನ್ನೊಂದು -ಎಫ್‌ರೆಕಾರ್ಡ್-ಜಿಸಿಸಿ-ಸ್ವಿಚಸ್, ಯಾವ ಫ್ಲ್ಯಾಗ್ ಹಾಕಿ ಬಿಲ್ಡ್ ಮಾಡೀರಿ ಅನ್ನೂದು ಇಎಲ್ಎಫ್ ಒಳಗ ಬರ್ದು ಕುಂದರ್ತದ. ಗಿರಾಕಿ ಕಡೆಯಿಂದ ಹಳೇ ಬೋರ್ಡ್ ವಾಪಸ್ ಬಂದಾಗ ಅದರ ವರ್ಶನ್ ನಂಬರ್ ನೋಡಿ, ಎತ್ತಿಟ್ಟ ಇಎಲ್ಎಫ್ ತಗದು, ಅದನ್ನ ಓದೂ ರೀಡ್‌ಎಲ್ಫ್ ಕಮಾಂಡ್ ಹಾಕಿದ್ರ ಆಗಿನ ಫ್ಲ್ಯಾಗೆಲ್ಲಾ ಸಿಗ್ತಾವ. ಅದಕ್ಕ ಪ್ರತಿ ರಿಲೀಸಿನ ಇಎಲ್ಎಫ್ ಮತ್ತ ಮ್ಯಾಪ್ ಫೈಲ್ .ಬಿನ್ ಜೊತಿಗೇ ಎತ್ತಿಡ್ರಿ, ಸರ್ವರ್‌ನ್ಯಾಗ ಜಾಗ ಇಲ್ಲಂತ ಯಾರರ ಅಳಸಾಕ ಬಂದ್ರ ಬಿಡಬ್ಯಾಡ್ರಿ.