ಅರಿವು ಕೇಂದ್ರದಿಂದ ಅಜ್ಜನ ಮೊಬೈಲಿಗೆ ಪುಸ್ತಕ: ಹೀಗೆ ತನ್ನಿ

ಹಾವೇರಿ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ಅಲೆದು ಮಾರಿದವರು. ನಮ್ಮ ಓಣಿಯ ಅಜ್ಜನಿಗೆ ಅವರ ಪುಸ್ತಕ ಓದುವ ಆಸೆ. ಅಂಗಡಿಯಲ್ಲಿ ಸಿಗಲಿಲ್ಲ. ಮೊಬೈಲಿಗೆ ತಂದುಕೊಟ್ಟೆವು. ನೀವೂ ತರಬಹುದು.

ಮೊದಲು ಅರಿವು ಕೇಂದ್ರಕ್ಕೆ ಹೋಗಿ. ಪಂಚಾಯ್ತಿ ಲೈಬ್ರರಿಗೇ ಈಗ ಈ ಹೆಸರು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ನಿಮ್ಮೂರಿನದರಲ್ಲಿ ಕಂಪ್ಯೂಟರ್ ಇದೆಯಾ, ಯಾವ ಹೊತ್ತಿಗೆ ಖಾಲಿ ಇರುತ್ತದೆ ಅಂತ ಕೇಳಿಕೊಳ್ಳಿ. ಶಾಲೆ ಬಿಟ್ಟ ಮೇಲೆ ಹೋದರೆ ಕುರ್ಚಿ ಸಿಗುವುದೇ ಕಷ್ಟ.

ಆನ್‌ಲೈನಿನಲ್ಲೇ ಪುಸ್ತಕ ಓದಲು ಇರುವ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಹೆಸರು ನೋಂದಾಯಿಸಲು ಮೊಬೈಲ್ ನಂಬರ್ ಬೇಕು. ಎಡವುವುದು ಇಲ್ಲೇ. ಮನೆಯಲ್ಲಿರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಮಗಳು ಲೈಬ್ರರಿಯಲ್ಲಿ ಕೂತು ನಂಬರ್ ಹಾಕಿದರೆ, ಓಟಿಪಿ ಬರುವುದು ಹತ್ತಿ ಹೊಲಕ್ಕೆ! ಫೋನು ಕೈಯಲ್ಲಿದ್ದ ದಿನವೇ ಹೋಗಿ. ಪಾಸ್‌ವರ್ಡ್ ಇಟ್ಟಿದ್ದರೆ ನೋಟ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ. ಓಟಿಪಿಯನ್ನು ಮಾತ್ರ ಫೋನ್ ಮಾಡಿ ಕೇಳಿದವರಿಗೆ ಹೇಳಬೇಡಿ.

ಹಳೆಯ ಪುಸ್ತಕವಾದರೆ ಈ ತಾಪತ್ರಯವೇ ಬೇಡ. ಲೇಖಕರು ತೀರಿಕೊಂಡು 60 ವರ್ಷ ದಾಟಿದರೆ ನಮ್ಮಲ್ಲಿ ಕಾಪಿರೈಟ್ ಮುಗಿಯುತ್ತದೆ. ಗಳಗನಾಥರು ಹೋಗಿದ್ದು 1942ರಲ್ಲಿ. ಇಂಥ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್ (archive.org) ಅನ್ನೋ ಉಚಿತ ಜಾಲತಾಣದಲ್ಲಿ ಹುಡುಕಿ. ಇಳಿಸಿಕೊಳ್ಳಲು ಲಾಗಿನ್ ಬೇಕಿಲ್ಲ.

ಹುಡುಕುವುದರಲ್ಲಿ ಒಂದು ಕಿತಾಪತಿ ಇದೆ. ಎಷ್ಟೋ ಕನ್ನಡ ಪುಸ್ತಕಗಳ ಹೆಸರು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿದೆ, ಸ್ಪೆಲ್ಲಿಂಗ್ ಅವರವರ ಇಷ್ಟ. ಕನ್ನಡದಲ್ಲಿ ಸಿಗಲಿಲ್ಲ ಅಂತ ಸುಮ್ನೆ ಎದ್ದು ಬರಬೇಡಿ. ಇಂಗ್ಲಿಷಿನಲ್ಲಿ ಹಾಕಿ. ಗಳಗನಾಥ ಅಂತ ಬರೆಯುವಾಗ ಕೊನೆಯ ‘ಥ’ಕ್ಕೆ ಒಮ್ಮೆ ‘ಎಚ್’ ಸೇರಿಸಿ, ಒಮ್ಮೆ ಬಿಟ್ಟು ನೋಡಿ. ಲೇಖಕರ ಹೆಸರು, ಪುಸ್ತಕದ ಹೆಸರು ಎರಡನ್ನೂ ಹಾಕಿ ನೋಡಿ.

ಸಿಕ್ಕಿತಾ? ಪಿಡಿಎಫ್ ಇಳಿಸಿಕೊಳ್ಳಿ. ಸ್ಕ್ಯಾನ್ ಪ್ರತಿ ಹತ್ತಾರು ಎಂಬಿ ಇರುತ್ತದೆ, ಹಾಗಾಗಿ ಕೇಂದ್ರದ ಇಂಟರ್ನೆಟ್ಟಿನಲ್ಲೇ ಇಳಿಸಿ, ಕೇಬಲ್ ಹಾಕಿ ಫೋನಿಗೆ ಹಾಕಿಕೊಳ್ಳಿ. ಅದಕ್ಕೂ ಮೊದಲು ನಡುವೆ, ಕೊನೆಗೆ ಪುಟ ತೆರೆದು ನೋಡಿ. ಪುಟ ಹಾರಿಹೋದ ಪ್ರತಿಗಳೂ ಇವೆ.

ಇನ್ನು ಓದುವುದು. ಅಜ್ಜ ಮೊದಲ ದಿನ ಫೋನನ್ನು ಉದ್ದಕ್ಕೆ ಹಿಡಿದು, ಕನ್ನಡಕ ಒರೆಸಿ, ಮತ್ತೆ ನೋಡಿ, “ತಂಗಿ, ಅಕ್ಷರ ಇರಿವಿ ಹಂಗ ಕಾಣ್ತಾವಲ್ಲ” ಅಂದರು. ಫೋನನ್ನು ಅಡ್ಡ ತಿರುಗಿಸಿದೆವು. ಸಾಲು ಅಗಲವಾಯಿತು, ಅಕ್ಷರ ದಪ್ಪವಾಯಿತು. ಪರದೆ ತಾನಾಗಿ ತಿರುಗದಿದ್ದರೆ ಮೇಲಿನಿಂದ ಬೆರಳಿನಲ್ಲಿ ಕೆಳಕ್ಕೆ ಎಳೆದು ಆಟೋ ರೊಟೇಟ್ ಒತ್ತಿ.

ಕೊನೆಯ ಕೆಲಸವನ್ನು ನಾವೂ ಮರೆತಿದ್ದೆವು. ಇಳಿಸಿದ ಫೈಲಿಗೆ 2015 ಅಂತ ಶುರುವಾಗಿ ಉದ್ದಕ್ಕೂ ಅಂಕಿ ಇತ್ತು. ಮರುದಿನ ಅಜ್ಜನಿಗೆ ಪುಸ್ತಕವೇ ಸಿಗಲಿಲ್ಲ. ಫೈಲ್ ಮೇಲೆ ಬೆರಳು ಒತ್ತಿ ಹಿಡಿದು, ರೀನೇಮ್ ಕೊಟ್ಟು, ಕನ್ನಡದಲ್ಲಿ ‘ಅಜ್ಜನ ಪುಸ್ತಕ 1’ ಅಂತ ಹಾಕಿದೆವು. ಈಗ ಅವರೇ ತೆರೆದುಕೊಳ್ಳುತ್ತಾರೆ. ಮೊನ್ನೆ ಕಟ್ಟೆ ಮೇಲೆ ಸಿಕ್ಕವರು ಕೇಳಿದ್ದು ‘2’ ಯಾವಾಗ ಅಂತ.